ಆಮೆಗೆ ಬಿಟ್ಟುಕೊಟ್ಟ ಹಿತ್ತಲು

ಮಾವ ಕರ್ನಾಟಕದ ಅರಣ್ಯ ಇಲಾಖೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತರಾದವರು. ಸೊಸೆ ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ಹೊರವಲಯದಲ್ಲಿ ಸಂಸಾರ ಹೂಡಿದವಳು. ಅವಳ ಹಿತ್ತಲಲ್ಲಿ ಒಂದು ಮರುಭೂಮಿ ಆಮೆ ಇದೆ. ಸೆಪ್ಟೆಂಬರ್ ಕೊನೆಯ ಒಂದು ಸಂಜೆಯ ಮಾತು ಇದು.

ಮಾವ: ನನಗೆ ಇದು ಒಪ್ಪಿಗೆ ಆಗ್ತಿಲ್ಲ ಕಣಮ್ಮ. ಮನೆಯಲ್ಲಿ ಆಮೆ ಇಟ್ಟುಕೊಂಡವರ ಮೇಲೆ ಮಹಜರು ಬರೆದವನು ನಾನು. ಲಕ್ಷ್ಮಿ ಒಲೀತಾಳೆ ಅಂತ ನಕ್ಷತ್ರ ಆಮೆಯನ್ನು ತಂದು ನೀರಿನ ತೊಟ್ಟಿಗೆ ಬಿಟ್ಟವರನ್ನು ಕಂಡಿದ್ದೀನಿ. ಅದು ನೆಲದ ಆಮೆ, ಈಜೋಕೆ ಬಾರದು ಅನ್ನೋದೂ ಅವರಿಗೆ ಗೊತ್ತಿರಲಿಲ್ಲ. ಈಗ ನನ್ನ ಮಗನ ಹಿತ್ತಲಲ್ಲೇ ಆಮೆ. ಸುತ್ತ ಗೋಡೆ ಬೇರೆ.

ಸೊಸೆ: ಕಾಡಿನಿಂದ ತಂದದ್ದಲ್ಲ ಮಾವ. ಕಾಡಿನ ಆಮೆಯನ್ನು ಎತ್ತಿ ತಂದರೆ ಇಲ್ಲೂ ಅಪರಾಧವೇ. ಇದು ಇನ್ಯಾರದೋ ಹಿತ್ತಲಲ್ಲಿ ಬೆಳೆದದ್ದು. ಆ ಮನೆಯವರಿಗೆ ನೋಡಿಕೊಳ್ಳೋಕೆ ಆಗದೆ ಇಲ್ಲಿನ ವನ್ಯಜೀವಿ ಇಲಾಖೆಗೆ, ಅರಿಜೋನಾ ಗೇಮ್ ಅಂಡ್ ಫಿಶ್ ಅಂತಾರಲ್ಲ, ಅವರಿಗೆ ಒಪ್ಪಿಸಿದರು. ಇಲಾಖೆಯವರು ದತ್ತು ಕೊಡ್ತಾರೆ. ಕೊಟ್ಟರೂ ಆಮೆ ನಮ್ಮ ಸ್ವತ್ತಾಗೋದಿಲ್ಲ, ನಾವು ಅದರ ಪಾಲಕರು ಅಷ್ಟೇ. ಮಾರೋ ಹಾಗಿಲ್ಲ, ಮರಿ ಮಾಡಿಸೋ ಹಾಗಿಲ್ಲ, ರಾಜ್ಯದ ಗಡಿ ದಾಟಿಸೋ ಹಾಗಿಲ್ಲ.

ಮಾವ: ಇಲಾಖೆಯೇ ಕೊಡುತ್ತೆ ಅಂದರೆ ಇನ್ನೂ ಆಶ್ಚರ್ಯ. ವಾಪಸ್ಸು ಮರುಭೂಮಿಗೇ ಬಿಡಬಹುದಲ್ಲ? ಊರು ದಾಟಿದರೆ ಕಳ್ಳಿ, ಕಲ್ಲು, ಗುಡ್ಡ. ಜಾಗಕ್ಕೇನು ಬರವೇ?

ಸೊಸೆ: ಬಿಟ್ಟರೆ ಅಲ್ಲಿ ಮೊದಲಿಂದ ಇರೋ ಆಮೆಗಳಿಗೆ ಕೇಡು. ಸಾಕಿದ ಆಮೆಗಳಲ್ಲಿ ಮೈಕೋಪ್ಲಾಸ್ಮಾ ಅನ್ನೋ ರೋಗಾಣು ಇರಬಹುದು. ಮೂಗು ಸೋರುತ್ತೆ, ಕಣ್ಣು ಊದಿಕೊಳ್ಳುತ್ತೆ, ಉಸಿರಾಡೋಕೆ ಕಷ್ಟ ಆಗುತ್ತೆ. ನೋಡೋಕೆ ಗಟ್ಟಿಮುಟ್ಟಾಗಿರೋ ಆಮೆಯೂ ಅದನ್ನು ಒಳಗೇ ಹೊತ್ತಿರಬಹುದು. ಕೊಲರಾಡೊ ನದಿಯ ಆಚೆ, ಮೊಜಾವೆ ಮರುಭೂಮಿಯಲ್ಲಿ, 1980ರ ದಶಕದ ಕೊನೆಯಲ್ಲಿ ಈ ರೋಗ ಕಾಣಿಸಿಕೊಂಡಿತು. ಅಲ್ಲಿನ ಆಮೆಗಳನ್ನು 1990ರಲ್ಲಿ ಅಳಿವಿನ ಭೀತಿಯ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯ್ತು. ನಮ್ಮ ಹಿತ್ತಲದ್ದು ನದಿಯ ಈಚೆಯದು, ಸೊನೋರಾ ಮರುಭೂಮಿಯದು. ಎರಡೂ ಒಂದೇ ಜಾತಿ ಅಂದುಕೊಂಡಿದ್ದರು, 2011ರಲ್ಲಿ ಬೇರೆ ಬೇರೆ ಅಂತ ಗುರುತಿಸಿದರು. ಒಮ್ಮೆ ಮನುಷ್ಯರ ಜೊತೆ ಬಾಳಿದ ಆಮೆಗೆ ಕಾಡಿನ ಬಾಗಿಲು ಮುಚ್ಚಿದ ಹಾಗೆಯೇ ಮಾವ.

ಮಾವ: ಹಾಗೆ ಹೇಳು. ಈ ಸಂಕಟ ನಾನೂ ಕಂಡದ್ದೇ. ವಿಮಾನ ನಿಲ್ದಾಣದಲ್ಲಿ ಹಿಡಿದ ನಕ್ಷತ್ರ ಆಮೆಗಳನ್ನು ನೀನು ನೋಡಬೇಕಿತ್ತು. ಬಟ್ಟೆಯಲ್ಲಿ ಸುತ್ತಿ, ಕಾಲು ಆಡದ ಹಾಗೆ ಟೇಪು ಬಿಗಿದು, ಸೂಟ್‌ಕೇಸಿನಲ್ಲಿ ಒತ್ತೊತ್ತಾಗಿ ಜೋಡಿಸಿರ್ತಾರೆ. ಬಿಡಿಸಿದೆವು ಅಂತ ಖುಷಿಪಟ್ಟರೆ ಮರುಕ್ಷಣವೇ ಪ್ರಶ್ನೆ: ಎಲ್ಲಿ ಬಿಡೋದು? ಗುಜರಾತು, ರಾಜಸ್ಥಾನದ ಕಡೆಯ ಆಮೆಗಳ ವಂಶವೇ ಬೇರೆ, ನಮ್ಮ ದಕ್ಷಿಣದ ಆಮೆಗಳ ವಂಶವೇ ಬೇರೆ. ಹಿಡಿದ ರಾಶಿಯಲ್ಲಿ ಯಾವುದು ಎಲ್ಲಿಯದು ಅಂತ ಮುಖ ನೋಡಿ ಹೇಳೋಕಾಗುತ್ತಾ? ರೋಗದ ಭಯ ಬೇರೆ. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ಬೆಂಗಳೂರಿಗೆ ವಾಪಸ್ಸು ಬಂದವು. ಊರಿಗೆ ಬಂದವು ಅಂತ ಪತ್ರಿಕೆಗಳಲ್ಲಿ ಸಂಭ್ರಮ. ಆದರೆ ಬಂದ ತಕ್ಷಣ ಕಾಡಿಗೆ ಅಟ್ಟೋ ಹಾಗಿಲ್ಲವಲ್ಲ. ಕದಿಯೋಕೆ ಒಂದು ಗಳಿಗೆ ಸಾಕು, ವಾಪಸ್ಸು ಮಾಡೋಕೆ ವರ್ಷಗಳು ಬೇಕು. 2019ರಲ್ಲಿ ನಕ್ಷತ್ರ ಆಮೆಯನ್ನು ಸೈಟಿಸ್ ಅನ್ನೋ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿದರು, ದೇಶದಿಂದ ದೇಶಕ್ಕೆ ವ್ಯಾಪಾರ ನಿಷೇಧ. ಆದರೂ ನಿಂತಿಲ್ಲ.

ಸೊಸೆ: ಅದಕ್ಕೇ ಇಲ್ಲಿ ಮೊದಲು ಹಿತ್ತಲು ನೋಡ್ತಾರೆ, ಆಮೇಲೆ ಆಮೆ ಕೊಡ್ತಾರೆ. ಬೇಲಿ ಹೇಗಿದೆ, ಬಿಲ ಹೇಗಿದೆ ಅಂತ ಫೋಟೋ ತೆಗೆದು ಅರ್ಜಿಯ ಜೊತೆ ಕಳಿಸಬೇಕು. ಬಿಲ ಕಟ್ಟದೆ ಅರ್ಜಿ ಹಾಕಿದರೆ ಕೊಡೋದಿಲ್ಲ.

ಮಾವ: ಅಷ್ಟು ಸರಿ. ಆದರೆ ವರ್ಷವಿಡೀ ಹೊರಗೇ ಬಿಡ್ತೀರಂತಲ್ಲ, ಅದೇ ನನಗೆ ಹಿಡಿಸದ್ದು. ಜೂನ್‌ನಲ್ಲಿ ನಿಮ್ಮ ಊರಿನ ಬಿಸಿಲು ಬೆಂಕಿ. ಡಿಸೆಂಬರಿನಲ್ಲಿ ರಾತ್ರಿ ಮೈ ನಡುಗೋ ಚಳಿ. ಮನೆಯೊಳಗೆ ಏಸಿ ಇದೆ, ಹೀಟರ್ ಇದೆ. ಒಂದು ಮೂಲೆಯಲ್ಲಿ ಇಟ್ಟುಕೊಂಡರೆ ಏನಾಗುತ್ತೆ?

ಸೊಸೆ: ಮೂಲೆಯಲ್ಲಿ ಇಟ್ಟರೆ ನಿಧಾನವಾಗಿ ಕೆಡುತ್ತೆ. ಕೆಡೋದು ಬೇಗ ಗೊತ್ತಾಗೋದೂ ಇಲ್ಲ, ಅದೇ ಮೋಸ. ಬಿಸಿಲು ನೇರವಾಗಿ ಬೆನ್ನಿಗೆ ಬಿದ್ದರೆ ತಾನೇ ಮೈಯಲ್ಲಿ ಡಿ ಜೀವಸತ್ವ ಹುಟ್ಟೋದು? ಕಿಟಕಿಯ ಗಾಜು ದಾಟಿ ಬರೋ ಬೆಳಕಿಗೆ ಆ ಶಕ್ತಿ ಇಲ್ಲ. ಡಿ ಇಲ್ಲದೆ ಸುಣ್ಣದಂಶ ಮೈಗೆ ಹಿಡಿಯೋಲ್ಲ. ಚಿಪ್ಪು ಮೆತ್ತಗಾಗುತ್ತೆ, ಸೊಟ್ಟ ಬೆಳೆಯುತ್ತೆ, ಕಾಲುಮೂಳೆ ಬಾಗುತ್ತೆ. ಅದಕ್ಕಿಂತ ದೊಡ್ಡ ಮಾತು, ಈ ಪ್ರಾಣಿಗೆ ತನ್ನದೇ ಬಿಸಿ ಅನ್ನೋದು ಇಲ್ಲ. ಬಿಸಿಲಿಗೆ ಬಂದು ಕಾಯಿಸಿಕೊಳ್ಳುತ್ತೆ, ನೆರಳಿಗೆ ಸರಿದು ಆರಿಸಿಕೊಳ್ಳುತ್ತೆ. ಬೆಳಿಗ್ಗೆ ಪೂರ್ವದ ಗೋಡೆ, ಹತ್ತು ಗಂಟೆಗೆ ಮರದ ಬುಡ, ಮಧ್ಯಾಹ್ನ ಬಿಲ. ಅದರ ದಿನವೆಲ್ಲಾ ಈ ಓಡಾಟವೇ. ಒಂದೇ ಹದದ ಕೋಣೆಯಲ್ಲಿ ಕೂರಿಸಿದರೆ ಆ ಆಯ್ಕೆಯನ್ನೇ ಕಿತ್ತುಕೊಂಡ ಹಾಗೆ.

ಮಾವ: 2023ರ ಜುಲೈನಲ್ಲಿ ಇಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು ಅಂತ ಅಲ್ಲೇ ಕೂತು ಓದಿದ್ದೆ. ಅಂಥ ಬಿಸಿಲಲ್ಲಿ ಯಾವ ಆಯ್ಕೆ?

ಸೊಸೆ: ಬಿಲ. ಇಡೀ ಹಿತ್ತಲಲ್ಲಿ ಮುಖ್ಯವಾದದ್ದು ಅದೊಂದೇ, ಉಳಿದದ್ದೆಲ್ಲಾ ಆಮೇಲಿನದು. ಆಮೆಯ ಮೈ 40 ಡಿಗ್ರಿ ಮುಟ್ಟಿದರೆ ಜೀವಕ್ಕೆ ಅಪಾಯ. ಹೊರಗೆ ನೆಲ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತೆ. ಕಾಡಿನಲ್ಲಿ ಇವು ಬಂಡೆಗಳ ಅಡಿ, ಹಳ್ಳದ ದಡದ ಗಟ್ಟಿಮಣ್ಣಿನ ಪೊಟರೆಗಳಲ್ಲಿ ಅಡಗಿಕೊಳ್ತವೆ. ನಾವು ಅದನ್ನೇ ಕಟ್ಟಬೇಕು. ಇಲ್ಲಿನ ನೆಲ ಅಗೆದರೆ ಸ್ವಲ್ಪ ಆಳಕ್ಕೇ ಸುಣ್ಣದ ಗಟ್ಟಿ ಪದರ ಸಿಗುತ್ತೆ, ಸಲಿಕೆ ನಾಟೋಲ್ಲ, ಪಿಕಾಸಿಯೇ ಬೇಕು. ನಿಮ್ಮ ಮಗ ಅಗೆದು ಅಗೆದು ಅಂಗೈ ಬೊಬ್ಬೆ ಬರಿಸಿಕೊಂಡರು. ಎರಡೂ ಪಕ್ಕ ಸಿಮೆಂಟ್ ಬ್ಲಾಕ್ ಜೋಡಿಸಿ, ಮೇಲೆ ದಪ್ಪ ಪ್ಲೈವುಡ್ ಹಾಸಿ, ನೀರು ಇಳಿಯದ ಹಾಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಅಡಿಗಿಂತ ಹೆಚ್ಚು ಮಣ್ಣು ಏರಿಸಿದೆವು. ಒಳಗೆ ಬರೀ ಮಣ್ಣು ನೆಲ. ಆಮೆ ಒಳಹೋಗಿ ತಿರುಗಿ ಹೊರಗೆ ಮುಖ ಮಾಡುವಷ್ಟು ಜಾಗ ಬೇಕು.

ಮಾವ: ಬಾಗಿಲು ಪಶ್ಚಿಮಕ್ಕೆ ಇಟ್ಟಿಲ್ಲ ತಾನೆ?

ಸೊಸೆ: ಇಲ್ಲ, ಪೂರ್ವಕ್ಕೆ. ಪಶ್ಚಿಮಕ್ಕೆ ಇಟ್ಟಿದ್ದರೆ ಮಧ್ಯಾಹ್ನದ ಬಿಸಿಲು ನೇರ ಒಳಗೆ ನುಗ್ಗಿ ಬಿಲವೇ ಕುಲುಮೆ ಆಗ್ತಿತ್ತು. ಬಾಗಿಲ ಮುಂದೆ ಒಂದು ಮೆಸ್ಕೀಟ್ ಮರದ ನೆರಳೂ ಬೀಳುತ್ತೆ.

ಮಾವ: ಬಂದ ದಿನವೇ ಆ ಮರ ನೋಡಿದೆ. ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಅಲ್ಲಿ ನಾವು ಅದನ್ನು ಕಿತ್ತು ಹಾಕೋಕೆ ಹೆಣಗ್ತೀವಿ, ಕೆರೆ ಅಂಗಳ ಎಲ್ಲಾ ನುಂಗಿಹಾಕಿದೆ. ಇಲ್ಲಿ ಅದು ಹುಟ್ಟಿದ ಮನೆಯಲ್ಲಿದೆ, ಅದರ ಪಾಡಿಗೆ ಅದು ನೆರಳು ಕೊಟ್ಟುಕೊಂಡು. ಗಿಡವಾದರೂ ಅಷ್ಟೆ, ಪ್ರಾಣಿಯಾದರೂ ಅಷ್ಟೆ, ಇರೋ ಕಡೆ ಇದ್ದರೆ ಚೆಂದ.

ಸೊಸೆ: ನಾನು ಹೇಳಬೇಕು ಅಂದುಕೊಂಡದ್ದೂ ಅದೇ ಮಾವ. ವರ್ಷವಿಡೀ ಹೊರಗೆ ಇಡಬಹುದು ಅನ್ನೋ ಮಾತು ಎಲ್ಲಾ ಆಮೆಗೂ ಎಲ್ಲಾ ಊರಿಗೂ ಅಲ್ಲ. ಈ ಮಣ್ಣು, ಈ ಬಿಸಿಲು, ಈ ಮಳೆ ಇದರ ಮೈಗೆ ಗೊತ್ತು, ಅದಕ್ಕೇ ಆಗುತ್ತೆ. ಇಲ್ಲಿಯ ಅಂಗಡಿಗಳಲ್ಲಿ ಸಲ್ಕಾಟಾ ಅಂತ ಆಫ್ರಿಕಾದ ಆಮೆಯ ಮರಿ ಮಾರ್ತಾರೆ. ಅಂಗೈಯಲ್ಲಿ ಹಿಡಿಯೋಷ್ಟು ಇರುತ್ತೆ, ಮುದ್ದು ಬರುತ್ತೆ. ಬೆಳೆದರೆ 40, 45 ಕಿಲೋ ದಾಟುತ್ತೆ. ಸಹಾರಾದ ಅಂಚಿನದು, ಚಳಿಗಾಲದಲ್ಲಿ ಮಲಗೋ ಅಭ್ಯಾಸ ಅದಕ್ಕಿಲ್ಲ. ಬಿಸಿ ಮಾಡಿದ ಗೂಡು ಇಲ್ಲದೆ ಫೀನಿಕ್ಸಿನ ಚಳಿಗಾಲದ ರಾತ್ರಿ ಕಳೆದರೆ ಕಾಯಿಲೆ ಬೀಳುತ್ತೆ. ಗೋಡೆ ಕೆಳಗೆ ಸುರಂಗ ತೋಡುತ್ತೆ. ಆಮೇಲೆ ಸಾಕಾಯ್ತು ಅಂತ ರಸ್ತೆಗೆ ಬಿಡ್ತಾರೆ. ಈ ಮರುಭೂಮಿ ಆಮೆಗಳಿಗೆ ಮನೆ ಹುಡುಕೋದೇ ಕಷ್ಟ ಆಗಿರುವಾಗ ಅಂಗಡಿಯಿಂದ ಇನ್ನೊಂದು ಖಂಡದ ಮರಿಯನ್ನು ಯಾಕೆ ತರಬೇಕು? ನನಗೆ ಅರ್ಥವಾಗೋಲ್ಲ.

ಮಾವ: ಇವಕ್ಕೂ ಮನೆ ಸಿಗೋಲ್ಲವಾ?

ಸೊಸೆ: ಹಿಂದೆ ಹಿತ್ತಲುಗಳಲ್ಲಿ ಗಂಡು ಹೆಣ್ಣು ಒಟ್ಟಿಗೆ ಬಿಟ್ಟರು, ಅವು ಹೆಚ್ಚಿದವು. 80 ವರ್ಷ ಬದುಕೋ ಒಂದು ಹೆಣ್ಣು ಜೀವಮಾನದಲ್ಲಿ 800ಕ್ಕೂ ಹೆಚ್ಚು ಮರಿ ಮಾಡಬಲ್ಲುದು ಅಂತ ಇಲಾಖೆಯವರೇ ಹೇಳ್ತಾರೆ. ಕಾಡಿಗೆ ಬಿಡೋ ಹಾಗಿಲ್ಲ, ಊರಲ್ಲಿ ಮನೆಗಳು ಸಾಲವು. ಅದಕ್ಕೇ ಮರಿ ಮಾಡಿಸಬಾರದು ಅನ್ನೋ ಕಾನೂನು. ಒಂದೇ ಆಮೆ ಸಾಕಬೇಕು. ಒಂಟಿ ಅಂತ ಮರುಗಬೇಕಾಗಿಲ್ಲ, ಕಾಡಿನಲ್ಲೂ ಇವು ಹೆಚ್ಚು ಹೊತ್ತು ಒಂಟಿಯೇ. ಎರಡು ಗಂಡು ಇದ್ದರಂತೂ ಕಾದಾಡಿ ಒಂದನ್ನೊಂದು ಮಗುಚಿ ಹಾಕ್ತವೆ. ಬಿಸಿಲಲ್ಲಿ ಅಂಗಾತ ಬಿದ್ದ ಆಮೆ ಹೊತ್ತು ಮುಳುಗೋವರೆಗೆ ಉಳಿಯೋಲ್ಲ.

ಮಾವ: ಈ ಗೋಡೆ?

ಸೊಸೆ: ಆಚೆ ಕಾಣೋ ಬೇಲಿ ಹಾಕಿದರೆ ದಿನವೆಲ್ಲಾ ಅದಕ್ಕೇ ಮೂಗು ಉಜ್ಜಿಕೊಂಡು ಅತ್ತಿಂದಿತ್ತ ನಡೀತಿರುತ್ತೆ. ಕಾಣದಿದ್ದರೆ ಅಲ್ಲಿಗೆ ಲೋಕ ಮುಗೀತು ಅಂತ ತಿರುಗುತ್ತೆ. ಅದಕ್ಕೇ ಗಟ್ಟಿ ಗೋಡೆ, ತಳ ಮಣ್ಣಿನೊಳಗೆ ಇಳಿದಿರಬೇಕು. ಈಜುಕೊಳದ ಸುತ್ತಲೂ ಹಾಗೇ ತಡೆಗೋಡೆ ಹಾಕಿದ್ದೀವಿ, ಬಿದ್ದರೆ ಮುಳುಗುತ್ತೆ. ಇನ್ನು ನಾಯಿ. ಎಷ್ಟೇ ಸಾಧು ನಾಯಿ ಆಗಿರಲಿ, ಚಿಪ್ಪನ್ನು ಎಲುಬು ಅಂತಲೇ ಎಣಿಸಿ ಕಡಿಯುತ್ತೆ. ನಾಯಿ ಸಾಕಿದ ಮನೆಯಲ್ಲಿ ಆಮೆ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಸರ್ಕಾರ ಅಷ್ಟು ಕಟ್ಟುನಿಟ್ಟು ಮಾಡಿಲ್ಲ, ಮಾಡಿದ್ದರೆ ಒಳ್ಳೆಯದಿತ್ತು.

ಮಾವ: ತಿನ್ನೋಕೆ ಏನು ಹಾಕ್ತೀಯ? ಬೆಳಿಗ್ಗೆ ಅಡುಗೆಮನೆಯಿಂದ ಏನೂ ತಂದು ಹಾಕಿದ್ದು ಕಾಣಲಿಲ್ಲ.

ಸೊಸೆ: ಹಾಕೋದಿಲ್ಲ, ಬೆಳೆಸ್ತೀನಿ. ನಿಮ್ಮ ಕಾಲ ಕೆಳಗಿರೋದು ಗರಿಕೆ, ನಮ್ಮ ಗಣಪತಿಯ ಗರಿಕೆಯೇ. ಅದೇ ಮುಖ್ಯ ಆಹಾರ. ಅಲ್ಲಿ ದಾಸವಾಳ, ಹೂ ಎಲೆ ಎರಡೂ ಇಷ್ಟ. ಆ ಮೂಲೆಯಲ್ಲಿ ಪಾಪಾಸುಕಳ್ಳಿ. ಎಳೆಯ ಹಾಳೆಯ ಮುಳ್ಳು ಸವರಿ ಕೊಟ್ಟರೆ ಕಚ್ಚಿ ಕಚ್ಚಿ ತಿನ್ನುತ್ತೆ, ಹಣ್ಣು ತಿಂದರೆ ಮೂತಿ ಎಲ್ಲಾ ಕೆಂಪು. ಹಿಪ್ಪುನೇರಳೆ ಎಲೆಯೂ ಆಗುತ್ತೆ.

ಮಾವ: ಹಿಪ್ಪುನೇರಳೆ! ರೇಷ್ಮೆಹುಳುವಿಗೆ ಹಾಕೋದು ಆಮೆಗೂ ಆಗುತ್ತೆ ಅನ್ನು.

ಸೊಸೆ: ಆಗುತ್ತೆ. ಅಡುಗೆಮನೆಯದು ಬೇಡ. ಅನ್ನ, ಬಾಳೆಹಣ್ಣು, ಬ್ರೆಡ್ಡು, ನಾಯಿಗೆ ಹಾಕೋ ಬಿಸ್ಕತ್ತು ಒಂದೂ ಬೇಡ. ನಾರು ಹೆಚ್ಚಿರಬೇಕು, ಸುಣ್ಣದಂಶ ಹೆಚ್ಚಿರಬೇಕು, ಸಕ್ಕರೆ, ಪ್ರೊಟೀನು ಕಡಿಮೆ. ಈ ಮನೆ ಕೊಂಡಾಗ ಗೋಡೆಯುದ್ದಕ್ಕೂ ಕಣಗಿಲೆ ಇತ್ತು. ಈ ಊರಲ್ಲಿ ಎಲ್ಲಿ ನೋಡಿದರೂ ಕಣಗಿಲೆಯೇ. ಬುಡಸಮೇತ ಕೀಳಿಸಿದೆವು, ಉದುರಿದ ಎಲೆಯನ್ನೂ ಬಿಡದೆ ಆರಿಸಿ ಹಾಕಿದೆವು. ವಿಷ ಅದು. ಹುಲ್ಲಿಗೆ, ಹೂವಿಗೆ ಔಷಧಿ ಹೊಡೆಯೋದನ್ನೂ ನಿಲ್ಲಿಸಿದೆವು.

ಮಾವ: ನೀರು?

ಸೊಸೆ: ಅಗಲವಾದ, ಆಳವಿಲ್ಲದ ಒಂದು ಮಣ್ಣಿನ ತಟ್ಟೆ ಇಟ್ಟಿದ್ದೀವಿ. ಆದರೆ ನೀರಿನ ವಿಷಯದಲ್ಲಿ ಈ ಪ್ರಾಣಿ ನಮಗಿಂತ ಜಾಣ. ಮೂತ್ರಕೋಶದಲ್ಲೇ ನೀರು ಕೂಡಿಟ್ಟುಕೊಂಡು, ಬೇಕಾದಾಗ ಅದರಿಂದಲೇ ಹೀರಿಕೊಳ್ಳುತ್ತೆ. ಕಾಡಿನಲ್ಲಿ ಒಂದು ವರ್ಷ ಕುಡಿಯದೆಯೂ ಇರಬಲ್ಲುದು. ಇಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ ಮಾನ್ಸೂನ್ ಅಂತಾರೆ, ನಮ್ಮ ಮಳೆಗಾಲದ ಹಾಗಲ್ಲ, ಗುಡುಗಿ ಸುರಿದು ಅರ್ಧ ಗಂಟೆಗೆ ಮುಗಿಯೋ ಮಳೆ. ಗುಡುಗು ಕೇಳಿದರೆ ಇದು ಬಿಲದಿಂದ ಹೊರಗೆ ಬರುತ್ತೆ. ಮರುಭೂಮಿಯಲ್ಲಿ ಇವು ಮಳೆಗೆ ಮುಂಚೆ ನೆಲ ಕೆರೆದು ಸಣ್ಣ ಗುಂಡಿ ಮಾಡಿ, ಅದರಲ್ಲಿ ನಿಂತ ನೀರಿಗೆ ಮೂತಿ ಊರಿ ಕುಡೀತವೆ. ಕೆರೆ ಕಟ್ಟೋ ಬುದ್ಧಿ ಮಾವ ಇದು! ಮೊದಲ ಸಲ ಓದಿದಾಗ ನನಗೆ ರೋಮಾಂಚನ ಆಯ್ತು.

ಮಾವ: ಕೂಡಿಟ್ಟ ನೀರು ಅಂದೆಯಲ್ಲ, ಅದಕ್ಕೇ ಏನು ಮೊಮ್ಮಗನಿಗೆ ಎತ್ತಬೇಡ ಅಂತ ಗದರಿದ್ದು?

ಸೊಸೆ: ಅದಕ್ಕೇ. ಹೆದರಿದರೆ ಮೂತ್ರ ಬಿಟ್ಟುಬಿಡುತ್ತೆ. ಕಾಡಿನಲ್ಲಿ ಬರಗಾಲದಲ್ಲಿ ಯಾರೋ ದಾರಿಹೋಕರು ಕುತೂಹಲಕ್ಕೆ ಎತ್ತಿ ಇಳಿಸಿದರೆ, ಆ ವರ್ಷಕ್ಕೆಂದು ಕೂಡಿಟ್ಟದ್ದು ಅಲ್ಲೇ ಖಾಲಿ. ಎತ್ತಿದವರಿಗೆ ಗೊತ್ತೂ ಆಗೋಲ್ಲ, ಆಮೆ ಮುಂದೆ ಎಲ್ಲೋ ಒಣಗಿ ಸಾಯುತ್ತೆ. ಇನ್ನೊಂದು ಕಾರಣ ಸಾಲ್ಮೊನೆಲ್ಲಾ ಅನ್ನೋ ರೋಗಾಣು. ಮಕ್ಕಳು ಮುಟ್ಟಿ, ಬಾಯಿಗೆ ಕೈ ಹಾಕಿ ಕಾಯಿಲೆ ಬೀಳ್ತಾರೆ ಅಂತಲೇ 1975ರಲ್ಲಿ ಈ ದೇಶದಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಆಮೆಗಳ ಮಾರಾಟ ನಿಲ್ಲಿಸಿದರು. ನೋಡಲಿ, ಪಕ್ಕದಲ್ಲಿ ಕೂರಲಿ, ಹೂ ಹಾಕಲಿ, ಕೈ ತೊಳೆಯಲಿ. ಆಟದ ಸಾಮಾನಲ್ಲ ಅಂತ ಕಲಿತರೆ ಸಾಕು.

ಮಾವ: ಇನ್ನು ಚಳಿಗಾಲ. ನನ್ನ ನಿಜವಾದ ಆತಂಕ ಅಲ್ಲಿದೆ. ಅಕ್ಟೋಬರಿನಲ್ಲಿ ಒಳಗೆ ಹೋದರೆ ಮಾರ್ಚಿಗೆ ಹೊರಗೆ ಅಂತೀಯ. ಅನ್ನ ಇಲ್ಲ, ನೀರಿಲ್ಲ, ಅಲ್ಲಾಡೋದಿಲ್ಲ. ಸತ್ತಿದೆಯೋ ಬದುಕಿದೆಯೋ ಹೇಗೆ ಗೊತ್ತಾಗಬೇಕು? ನಮ್ಮ ನಕ್ಷತ್ರ ಆಮೆ ಹೀಗೆ ತಿಂಗಳುಗಟ್ಟಲೆ ಚಳಿನಿದ್ದೆ ಮಾಡೋದಿಲ್ಲ.

ಸೊಸೆ: ಮೊದಲ ವರ್ಷ ನನಗೂ ನಿದ್ದೆ ಬರ್ತಿರಲಿಲ್ಲ, ಟಾರ್ಚು ಹಿಡಿದು ಹೋಗಿ ಹೋಗಿ ನೋಡ್ತಿದ್ದೆ. ಒಳಗೆ ತಂದು ಬೆಚ್ಚಗೆ ಮಲಗಿಸೋಣ ಅಂತ ಮನಸ್ಸು ಎಳೆಯುತ್ತೆ. ಆದರೆ ಹಾಗೆ ಮಾಡಿದ ಕರುಣೆ ಅದರ ಮೈಯನ್ನು ತಿನ್ನುತ್ತೆ. ಬಿಲದೊಳಗೆ 5ರಿಂದ 13 ಡಿಗ್ರಿ ಇದ್ದರೆ ಎದೆಬಡಿತ, ಉಸಿರು, ಎಲ್ಲಾ ಇಳಿದು ಇಳಿದು ಒಂದು ತಳಕ್ಕೆ ನಿಲ್ಲುತ್ತೆ, ಮೈಯಲ್ಲಿದ್ದ ಕೊಬ್ಬು ಅಷ್ಟೂ ತಿಂಗಳಿಗೆ ಸಾಕಾಗುತ್ತೆ. ಬೆಚ್ಚನೆ ಕೋಣೆಯಲ್ಲಿ ಆ ಇಳಿತ ಆಗೋಲ್ಲ. ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ತಿನ್ನೋಲ್ಲ, ಆದರೆ ಒಳಗೆ ಉರಿ ಉರೀತಾನೇ ಇರುತ್ತೆ. ಮೈ ಸೊರಗುತ್ತೆ.

ಮಾವ: ಮಲಗೋ ಮುಂಚೆ ಹೊಟ್ಟೆ ತುಂಬಾ ತಿನ್ನಿಸ್ತೀರಾ?

ಸೊಸೆ: ಅಯ್ಯೋ, ತಿನ್ನಿಸಬಾರದು! ಬಿಸಿಲಿನ ಕಾವಿದ್ದರೆ ಮಾತ್ರ ಅದಕ್ಕೆ ಜೀರ್ಣ ಆಗೋದು. ಹೊಟ್ಟೆಯಲ್ಲಿ ತಿಂದದ್ದು ಉಳಿದು ಮೈ ತಣ್ಣಗಾದರೆ ಅಲ್ಲೇ ಕೊಳೆಯುತ್ತೆ. ಹೊತ್ತು ಇಳಿಯೋದು ನೋಡಿ ತಾನಾಗೇ ತಿನ್ನೋದು ಕಡಿಮೆ ಮಾಡುತ್ತೆ. ಕೊನೆಯ ಎರಡು ವಾರ ನಾವು ಏನೂ ಕೊಡೋಲ್ಲ, ನೀರಿನಲ್ಲಿ ಮಾತ್ರ ಕೂರಿಸ್ತೀವಿ. ಒಂದು ದಿನ ಒಳಗೆ ಹೋದದ್ದು ಬರೋದಿಲ್ಲ. ಬಾಗಿಲಿಗೆ ಒಂದಿಷ್ಟು ಮರೆ ಮಾಡ್ತೀವಿ, ನೀರು ನುಗ್ಗದ ಹಾಗೆ ನೋಡ್ಕೋತೀವಿ. ನಡುವೆ ಬಿಸಿಲು ಚೆನ್ನಾಗಿದ್ದ ದಿನ ಮೂತಿ ಹೊರಗೆ ಹಾಕಿದರೆ ಗಾಬರಿ ಬೇಡ, ವಾಪಸ್ಸು ಹೋಗುತ್ತೆ. ಹೀಗೆ ಮಲಗಿಸೋದು ಆರೋಗ್ಯವಾಗಿರೋ ಆಮೆಯನ್ನು ಮಾತ್ರ. ಮೂಗು ಸೋರ್ತಿದ್ದರೆ, ತೂಕ ಇಳಿದಿದ್ದರೆ ವೈದ್ಯರ ಮಾತು ಕೇಳಿ ಆ ವರ್ಷ ಒಳಗೇ ಇಡಬೇಕಾಗುತ್ತೆ. ಆಮೆ ಗೊತ್ತಿರೋ ವೈದ್ಯರೇ ಬೇಕು, ನಾಯಿ ಬೆಕ್ಕು ನೋಡೋರೆಲ್ಲಾ ಇದನ್ನು ನೋಡಲಾರರು.

ಮಾವ: ನಾನೊಂದು ಪುಸ್ತಕ ಓದಿದ್ದೆ. ಇಂಗ್ಲೆಂಡಿನ ಸೆಲ್ಬೋರ್ನ್ ಅನ್ನೋ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಬರೆದದ್ದು, 1789ರದು. ನಮ್ಮ ತರಬೇತಿ ಕಾಲದಲ್ಲಿ ಒಬ್ಬ ಹಿರಿಯರು ಕೊಟ್ಟಿದ್ದರು. ಅವನ ಹತ್ತಿರ ಟಿಮೊಥಿ ಅಂತ ಒಂದು ಆಮೆ. ಮೊದಲು ಅವನ ಸೋದರತ್ತೆಯ ಮನೆಯ ಅಂಗಳದಲ್ಲಿ ನಲವತ್ತು ವರ್ಷದಷ್ಟು ಕಾಲ ಇತ್ತು, ಆಕೆ ತೀರಿಕೊಂಡ ಮೇಲೆ 1780ರಲ್ಲಿ ಇವನು ತನ್ನ ತೋಟಕ್ಕೆ ತಂದ. ನವೆಂಬರ್ ಬಂದರೆ ಅದು ಮುಂಗಾಲಿನಲ್ಲಿ ನಿಧಾನವಾಗಿ ಮಣ್ಣು ಬಗೆದು ಹುದುಗೋದನ್ನು ಕೂತು ಕೂತು ನೋಡಿ ಬರೆದಿದ್ದಾನೆ. ಅಷ್ಟು ಗಟ್ಟಿ ಚಿಪ್ಪಿದ್ದರೂ ಮಳೆ ಅಂದರೆ ಹೆದರ್ತಿತ್ತಂತೆ.

ಸೊಸೆ: ಅದು ಮೆಡಿಟರೇನಿಯನ್ ಕಡೆಯ ಆಮೆ ಅಲ್ಲವಾ? ಇಂಗ್ಲೆಂಡಿನ ಜಿಟಿಜಿಟಿ ಮಳೆಗೆ ಹೆದರದೆ ಇನ್ನೇನು ಮಾಡೀತು! ವೈಟ್ ಸತ್ತ ಮರುವರ್ಷ, 1794ರಲ್ಲಿ, ಅದೂ ಸತ್ತಿತು. ಗಂಡು ಅಂತ ಹೆಸರಿಟ್ಟು ಕರೆದರು, ಚಿಪ್ಪು ಪರೀಕ್ಷಿಸಿದ ಮೇಲೆ ಹೆಣ್ಣು ಅಂತ ಗೊತ್ತಾಯ್ತು. ಅಷ್ಟು ವರ್ಷ ಬದುಕಿತು ಅನ್ನೋದನ್ನೇ ಎತ್ತಿ ಹೇಳ್ತಾರೆ. ವೈಟ್ ಅದನ್ನು ಪ್ರೀತಿಯಿಂದ ನೋಡಿದ, ನಿಜ. ಆದರೂ ತನ್ನದಲ್ಲದ ಹವೆಯಲ್ಲಿ ಅರ್ಧ ಶತಮಾನ ತಡೆದುಕೊಂಡಿತು ಅಂತ ನನಗೆ ಅನ್ನಿಸುತ್ತೆ.

ಮಾವ: ನೀನು ಹೇಳಿದ್ದೆಲ್ಲಾ ಒಪ್ಪಿದೆ. ಆದರೆ ಊರಿಗೆ ಹೋಗಿ ನಾನು ಇದನ್ನು ಹೇಳಿದರೆ, ನಾಳೆ ಕೋಲಾರದಲ್ಲೋ ಬೆಂಗಳೂರಲ್ಲೋ ಒಬ್ಬ ನಮ್ಮ ಹಿತ್ತಲಲ್ಲೂ ಬಿಲ ಕಟ್ಟೋಣ ಅಂತ ಹೊರಡ್ತಾನೆ.

ಸೊಸೆ: ಕಟ್ಟಬಾರದು. ಅಲ್ಲಿ ಕಾನೂನು ಬೇರೆ, ಕಾನೂನಿನ ಹಿಂದಿರೋ ಕಾರಣವೂ ಬೇರೆ. ಅಲ್ಲಿ ಮನೆಯಲ್ಲಿ ಸಿಗೋ ಒಂದೊಂದು ನಕ್ಷತ್ರ ಆಮೆಯೂ ಕಾಡಿನಿಂದ ಕದ್ದದ್ದೇ ಇರುತ್ತೆ. ಒಬ್ಬರು ಇಟ್ಟುಕೊಂಡರೆ ಹತ್ತು ಜನ ಹಿಡಿಯೋಕೆ ಹೊರಡ್ತಾರೆ.

ಮಾವ: ಅಲ್ಲಿ ಬೇಕಾದದ್ದು ಬೇರೆ ಕಣಮ್ಮ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕುರುಚಲು ಕಾಡು, ಗೋಮಾಳ, ಹೊಲದ ಬದು, ಕಳ್ಳಿಬೇಲಿ, ಇವೇ ನಕ್ಷತ್ರ ಆಮೆಯ ಮನೆ. ಕಡತದಲ್ಲಿ ಅದಕ್ಕೆ ಬಂಜರು ಅಂತ ಬರೀತಾರೆ. ಬಂಜರು ಅಂದಮೇಲೆ ಲೇಔಟು ಮಾಡು, ಕ್ವಾರಿ ಮಾಡು, ನೀಲಗಿರಿ ನೆಡು. ಬದುವಿನ ಪೊದೆ ಸವರಿ, ಬೆಂಕಿ ಹಾಕಿ, ತಂತಿ ಬೇಲಿ ಎಳೀತಾರೆ. ನಾನು ಸೇವೆಯಲ್ಲಿದ್ದಾಗ ಹುಲಿ ಆನೆ ಇರೋ ಕಾಡಿಗೆ ದುಡ್ಡು ಕೇಳಿದರೆ ಸಿಗ್ತಿತ್ತು, ಕುರುಚಲಿಗೆ ಕೇಳಿದರೆ ನಗ್ತಿದ್ದರು. ನಿನ್ನ ಹಿತ್ತಲಲ್ಲಿ ನೀನು ಮಾಡಿದ್ದೇನು? ವಿಷ ಕಿತ್ತೆ, ಔಷಧಿ ನಿಲ್ಲಿಸಿದೆ, ನೆರಳು ಹುಲ್ಲು ಬಿಲ ಉಳಿಸಿದೆ, ಕೈ ಹಿಂದಕ್ಕೆ ತೆಗೆದೆ. ನಮ್ಮ ರೈತ ಬದುವಿನ ಒಂದು ಸಾಲು ಪೊದೆಗೆ ಅಷ್ಟೇ ಮಾಡಿದರೆ ಸಾಕು, ಆಮೆ ತಾನೇ ಬದುಕಿಕೊಳ್ಳುತ್ತೆ. ಯಾರೂ ಸಾಕಬೇಕಾಗಿಲ್ಲ.

ಸೊಸೆ: ಊರಲ್ಲಿ ಇದನ್ನು ಹೇಳಿ ಮಾವ. ಬಿಲ ಕಟ್ಟೋ ಕಥೆ ಬೇಕಾದರೆ ಬಿಡಿ.

ಮಾವ: ಎರಡೂ ಹೇಳ್ತೀನಿ. ಒಂದು ಮಾತು ಉಳೀತು. ಇದಕ್ಕೆ 50 ವರ್ಷವೋ 80 ವರ್ಷವೋ ಆಯಸ್ಸು. ನಿಮ್ಮದು ಐಟಿ ಕೆಲಸ. ನಾಳೆ ಟೆಕ್ಸಾಸಿಗೆ ಹೋಗು ಅಂದರೆ ಹೋಗಬೇಕು, ಬೆಂಗಳೂರಿಗೆ ವಾಪಸ್ಸು ಬರಬೇಕು ಅನ್ನಿಸಬಹುದು. ಆಗ?

ಸೊಸೆ: ಗಡಿ ದಾಟಿಸೋ ಹಾಗಿಲ್ಲವಲ್ಲ, ದತ್ತು ಕೊಟ್ಟವರಿಗೇ ಒಪ್ಪಿಸಬೇಕು. ಅವರು ಇನ್ನೊಂದು ಹಿತ್ತಲು ನೋಡಿ ಕೊಡ್ತಾರೆ. ನಾವು ಇಲ್ಲೇ ಇದ್ದು ಮುದುಕರಾದರೂ ಅಷ್ಟೇ. ತಂದ ದಿನವೇ ಈ ಮಾತು ನಾವಿಬ್ಬರೂ ಆಡಿಕೊಂಡಿದ್ದೀವಿ.

ಮಾವ: ಆಡಿಕೊಂಡರೆ ಸಾಲದು, ಬರೆದಿಡು. ಯಾವ ತಿಂಗಳು ಮಲಗುತ್ತೆ, ಯಾವಾಗ ಏಳುತ್ತೆ, ಏನು ತಿನ್ನುತ್ತೆ, ಯಾವ ವರ್ಷ ಕಾಯಿಲೆ ಬಿದ್ದಿತ್ತು, ತೂಕ ಎಷ್ಟಿತ್ತು. ನಮ್ಮ ಕೈಗೆ ಬಂದ ಆಮೆಗಳ ಜೊತೆ ಒಂದು ಚೂರು ಚರಿತ್ರೆ ಇದ್ದಿದ್ದರೆ ಎಷ್ಟೋ ಉಳೀತಿದ್ದವು. ಮುಂದೆ ಸಾಕೋರಿಗೆ ಆಮೆಯ ಜೊತೆ ಆ ಪುಸ್ತಕವೂ ಹೋಗಬೇಕು.

ಸೊಸೆ: ತೂಕ ಬರೆದಿಟ್ಟಿದ್ದೀನಿ, ಉಳಿದದ್ದು ಬರೆದಿಲ್ಲ. ಬರೀತೀನಿ. ಶನಿವಾರ ಮಲಗೋ ಮುಂಚಿನ ತೂಕ ಹಿಡೀಬೇಕು. ಎತ್ತಲೇಬೇಕಾದ ದಿನ ಅದು, ಮೊದಲು ನೀರಿನಲ್ಲಿ ಕೂರಿಸಿ, ಅಡ್ಡ ತಿರುಗಿಸದೆ, ಎರಡೂ ಕೈಯಲ್ಲಿ ಮಟ್ಟಸವಾಗಿ ಎತ್ತಬೇಕು. ನೀವು ತಕ್ಕಡಿ ನೋಡಿ ಹೇಳಿದರೆ ನಾನು ಬರ್ಕೋತೀನಿ.